ಎಕ್ಸ್‌ಪೈರ್ ಆದರು ಎಂಬ ಮೆತ್ತನೆಯ ಮಾತು

ನಿವೃತ್ತಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಶಾಲು, ಹಾರ, ಹಣ್ಣಿನ ಬುಟ್ಟಿ ಬಂದಿದ್ದರೆ ದಯವಿಟ್ಟು ಅವನ್ನು ಪಕ್ಕಕ್ಕಿಡಿ. ನಾನು ನಿವೃತ್ತಳಾದಾಗ ನನಗೆ ನಲವತ್ತು ತುಂಬಿರಲಿಲ್ಲ. ಗಂಟಲಿನ ಡಾಕ್ಟರು ಬಾಯಿಯೊಳಗೆ ಸಣ್ಣ ಕನ್ನಡಿ ಇಳಿಸಿ ನೋಡಿ, ಧ್ವನಿ ಹೊರಡುವ ಜಾಗದಲ್ಲಿ ಗಂಟು ಕಟ್ಟಿದೆ, ಇನ್ನು ಮಾತನ್ನೇ ನಂಬಿದ ಕೆಲಸ ಬೇಡ ಎಂದರು. ಇಂಗ್ಲಿಷ್ ಹೇಳಿಕೊಡುವುದು ಬಿಟ್ಟು ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಕಂಪನಿಯವರು ಕಾಗದದಲ್ಲಿ ‘ಸ್ವಯಂ ನಿವೃತ್ತಿ’ ಎಂದು ಬರೆದುಕೊಟ್ಟರು. ಆ ‘ಸ್ವಯಂ’ ಎಂಬ ಪದಕ್ಕೆ ನಿಘಂಟಿನ ಅರ್ಥ ಅಲ್ಲಿ ಒಂದು ಚೂರೂ ಇರಲಿಲ್ಲ. ಇಂಥದ್ದನ್ನು ಎತ್ತಿ ತೋರಿಸುವುದೇ ನನ್ನ ಕೆಲಸವಾಗಿತ್ತು.

ಈಗ ಈ ಕೆಲಸಕ್ಕೆ ಬರುತ್ತಿರುವವರು ನನ್ನನ್ನು ಕೇಳುವುದು ಬಡ್ತಿಯ ಬಗ್ಗೆ. ಅದು ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನೀವು ಕಲಿಸುವುದು ಇಂಗ್ಲಿಷ್ ಎಂದು ನಿಮಗೆ ಹೇಳಿರುತ್ತಾರೆ. ಅದು ಸುಳ್ಳು. ನೀವು ಕಲಿಸುವುದು ಪದಗಳ ಬಗೆಗಿನ ಪದಗಳನ್ನು. ಡಿನೊಟೇಶನ್ ಅಂದರೆ ಪದದ ನೇರ ಅರ್ಥ, ಕಾನೊಟೇಶನ್ ಅಂದರೆ ಅದಕ್ಕೆ ಅಂಟಿಕೊಂಡು ಬರುವ ಭಾವ. ಮೆಟಫರ್, ಸಿಮಿಲಿ, ನುಡಿಗಟ್ಟು ಎನ್ನುವ ಇಡಿಯಂ, ಯೂಫೆಮಿಸಂ. ಇವನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುವಾಗ ಬಹಳ ಸುರಕ್ಷಿತವಾಗಿ ಕಾಣುತ್ತವೆ. ಹಾಗೆ ಕಾಣುತ್ತವೆ, ಅಷ್ಟೇ.

ನಾನು ಹಲಸೂರಿನ ಜೋಗುಪಾಳ್ಯದವಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ವಿಷಯದ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ವಿಜ್ಞಾನ ವರ ಎಂದು ಗೆದ್ದು, ಮಧ್ಯಾಹ್ನ ಇನ್ನೊಂದರಲ್ಲಿ ವಿಜ್ಞಾನ ಶಾಪ ಎಂದು ಗೆದ್ದು ಬಂದದ್ದಿದೆ. ಎದುರಾಳಿಯ ಮಾತಿನಿಂದ ಒಂದೇ ಒಂದು ಪದ ಎತ್ತಿಕೊಂಡು ‘ಹಾಗೆಂದರೇನು?’ ಎಂದು ಕೇಳಿಬಿಟ್ಟರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ ಎಂಬುದನ್ನು ಅಲ್ಲಿ ಕಲಿತೆ. ಅಂಥ ಬಾಯಿಗೆ ಕೆಲಸ ಕೊಡುವವರು ಯಾರು? ತೊಂಬತ್ತರ ದಶಕದ ನಡುವೆ ಶಿವಾಜಿನಗರದ ಒಂದು ಸ್ಪೋಕನ್ ಇಂಗ್ಲಿಷ್ ತರಗತಿಯವರು ಕೊಟ್ಟರು.

ಬಸ್ ನಿಲ್ದಾಣದ ಹಿಂದಿನ ಬೀದಿ. ಕೆಳಗೆ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಅಂಗಡಿ, ಮೇಲೆ ನಾವು. ಕೆಳಗಿನಿಂದ ಸುತ್ತಿಗೆಯ ಸದ್ದು, ಎಂಜಿನ್ ಆಯಿಲಿನ ವಾಸನೆ. ಪಾಠಕ್ಕೆ ಬರುತ್ತಿದ್ದವರು ಟೈಲರಿಂಗ್ ಮಾಡುವ ಹುಡುಗಿಯರು, ನರ್ಸುಗಳು, ಕೊಲ್ಲಿ ದೇಶಕ್ಕೆ ಹೊರಟವರು. ಮೊದಲ ವಾರ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಸಿಮಿಲಿ ಎಂದು ಬರೆದೆ. ಕೆಳಗಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಮೀರ್ ಭಾಯ್ ಕೈ ಎತ್ತಿದರು. ನನಗಿಂತ ಹಿರಿಯರು.

“ಮಿಸ್, ಸ್ಮೈಲ್‌ಗೆ ಒಂದ್ ಐ ಜಾಸ್ತಿ ಆಗೋಯ್ತು.”

“ಸ್ಮೈಲ್ ಅಲ್ಲ ಭಾಯ್, ಸಿಮಿಲಿ. ಹೋಲಿಕೆ. ಹುಲಿ ಥರ ಎಗರಿದ ಅಂತೀವಲ್ಲ, ಅದು.”

“ಔರ್ ಮೆಟಫರ್?”

“ಥರ ಅನ್ನೋದನ್ನ ತೆಗೀರಿ. ಅವನೇ ಹುಲಿ ಅಂದ್ಬಿಟ್ರೆ ಮೆಟಫರ್.”

ಅಮೀರ್ ಭಾಯ್ ಯೋಚಿಸಿದರು. “ನಮ್ ಸೇಟು ನಂಗೆ ಗಧಾ, ಕತ್ತೆ ಅಂತಾನೆ ಮಿಸ್. ಗಧಾ ಥರ ಅನ್ನಲ್ಲ. ಮೆಟಫರ್ರಾ?”

“ಮೆಟಫರ್ರೇ.”

“ಅಚ್ಛಾ! ನಾಳೆ ಹೇಳ್ತೀನಿ ಬಿಡಿ, ಸೇಟ್, ನೀನು ಬೈತಾ ಇಲ್ಲ, ಇಂಗ್ಲಿಷ್ ಪಾಠ ಮಾಡ್ತಾ ಇದೀಯ ಅಂತ.”

ಇಡೀ ಕೋಣೆ ನಕ್ಕಿತು. ಆ ಕೋಣೆಯಲ್ಲಿ ನಾನು ಕಲಿತಷ್ಟನ್ನು ನಂತರ ಯಾವ ಎಸಿ ಕೋಣೆಯಲ್ಲೂ ಕಲಿಯಲಿಲ್ಲ. ಒಬ್ಬ ಟೈಲರಿಂಗ್ ಹುಡುಗಿ, ತನ್ನ ಜೊತೆ ಬಟ್ಟೆ ಕತ್ತರಿಸುವ ಕಟ್ಟರ್ ಮೇಲೆ ಮಾಲೀಕರ ಹತ್ತಿರ ದೂರು ಹೇಳಲು ಹೋಗಿದ್ದಳು. ಅವನು ಸಮಯಕ್ಕೆ ಬಾರದೆ ಕೈ ಕೊಟ್ಟಿದ್ದ. ಇವಳು ಅದನ್ನೇ ಇಂಗ್ಲಿಷಿಗೆ ತಂದು ‘ಹಿ ಗೇವ್ ಮಿ ಎ ಹ್ಯಾಂಡ್’ ಎಂದಳು. ಇಂಗ್ಲಿಷಿನಲ್ಲಿ ಅದಕ್ಕೆ ಸಹಾಯ ಮಾಡಿದ ಎಂದರ್ಥ. ಮಾಲೀಕರು ಕಟ್ಟರನನ್ನು ಕರೆದು ಬೆನ್ನು ತಟ್ಟಿದರು. ಹುಡುಗಿ ಅಳುತ್ತಾ ನನ್ನ ಬಳಿ ಬಂದಳು. “ಅದೇ ಕೈ, ಅದೇ ಕೊಡೋದು. ಅವರಿಗೆ ಒಳ್ಳೇದು, ನಮಗೆ ಮೋಸ. ಇದ್ಯಾವ ನ್ಯಾಯ ಮಿಸ್?” ಇನ್ನೊಬ್ಬರು ರಜೆ ಅರ್ಜಿಯಲ್ಲಿ, ನನ್ನ ತಪ್ಪನ್ನು ತಮ್ಮ ಹೊಟ್ಟೆಯೊಳಗೆ ಹಾಕಿಕೊಳ್ಳಬೇಕು ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಅರ್ಜಿ ನೋಡಿದ ಅಧಿಕಾರಿ ಹೆದರಿಕೊಂಡರಂತೆ.

ಅಲ್ಲಿ ನನ್ನ ಮೇಲಿನವರು ಡಾರತಿ ಮೇಡಂ. ದಂಡು ಪ್ರದೇಶದ ಹಳೆಯ ಆಂಗ್ಲೋ-ಇಂಡಿಯನ್ ಮನೆತನ, ಕಾನ್ವೆಂಟಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಗಂಡ ತೀರಿಕೊಂಡು ಕೆಲವು ವರ್ಷ ಆಗಿತ್ತು. ಹೂವಿನ ಫ್ರಾಕು, ಬಿಳಿ ಕೂದಲು, ತಮಿಳು ಬೆರೆತ ಕನ್ನಡ. ಪದಗಳ ಬಗ್ಗೆ ಅವರಿಗೊಂದು ವಿಚಾರವಿತ್ತು: ಪ್ರತಿ ಪದಕ್ಕೂ ಎರಡು ಕೋಣೆ. ನಿಘಂಟಿನವರು ಹಾಲ್‌ನಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ. ಒಳಗೆ ಅಡುಗೆಮನೆಯಲ್ಲಿ ಏನು ಕುದಿಯುತ್ತಿದೆ ಎಂದು ನೋಡಬೇಕಾದರೆ ಆ ಮನೆಯವರೇ ಆಗಿರಬೇಕು.

ನಾನು ಒಪ್ಪುತ್ತಿರಲಿಲ್ಲ. “ಹಾಗಾದ್ರೆ ಹೊರಗಿನೋರಿಗೆ ಕಲಿಸೋಕೇ ಆಗಲ್ಲ ಅಂತಾಯ್ತಲ್ಲ ಮೇಡಂ. ಮತ್ತೆ ನಾವ್ಯಾಕೆ ಫೀಸ್ ತಗೊಳ್ತಿದೀವಿ?”

“ಗರ್ಲ್, ನಿನ್ನ ಕಟ್ಕೊಳ್ಳೋನು ಪಾವಂ, ಪಾಪ,” ಎನ್ನುತ್ತಿದ್ದರು. ಇದು ಅವರ ಖಾಯಂ ಪ್ರತಿವಾದ.

ಎರಡು ಸಾವಿರದ ಇಸವಿಯ ಈಚೆಗೆ ಕೆಲಸದ ರೀತಿಯೇ ಬದಲಾಯಿತು. ಕೆ.ಆರ್. ಪುರದಿಂದ ಮಾರತ್ತಹಳ್ಳಿಗೆ ಹೋಗುವ ರಿಂಗ್ ರಸ್ತೆಯ ಉದ್ದಕ್ಕೂ ಗಾಜಿನ ಕಟ್ಟಡಗಳೆದ್ದವು. ಅವುಗಳಲ್ಲೊಂದು, ಇಂಗ್ಲೆಂಡಿನಲ್ಲಿ ಮನೆಮನೆಗೆ ಸಾಮಾನು ಕಳಿಸುವ ಕಂಪನಿಯೊಂದರ ಗಿರಾಕಿಗಳ ಫೋನು ಎತ್ತುವ ಕಚೇರಿ. ಡಾರತಿ ಮೇಡಂ ಅಲ್ಲಿ ತರಬೇತಿಯ ಮುಖ್ಯಸ್ಥೆಯಾದರು, ನನ್ನನ್ನೂ ಎಳೆದುಕೊಂಡರು. ಸೀಮೆಸುಣ್ಣ ಹೋಗಿ ಹೆಡ್‌ಸೆಟ್ ಬಂತು. ಶಿವಾಜಿನಗರದಲ್ಲಿ ತಪ್ಪಾದರೆ ನಗುತ್ತಿದ್ದೆವು. ಇಲ್ಲಿ ತಪ್ಪಿಗೆ ಅಂಕ. ಪ್ರತಿ ಕರೆಯೂ ಧ್ವನಿಮುದ್ರಣವಾಗುತ್ತಿತ್ತು. ಕ್ವಾಲಿಟಿ ವಿಭಾಗದವರು ಕೂತು ಕೇಳಿ, ಇಲ್ಲಿ ಅನುಕಂಪ ತೋರಿಸಿದೆ, ಇಲ್ಲಿ ತೋರಿಸಿಲ್ಲ ಎಂದು ಗುರುತು ಹಾಕುತ್ತಿದ್ದರು. ನನ್ನ ತರಗತಿಯ ಹುಡುಗರಂತೂ “ಲಿಟರಲಿ ಸತ್ತೋದೆ ಮಗಾ” ಎನ್ನುತ್ತಾ ಬಂದು ಕೂರುತ್ತಿದ್ದರು. ಲಿಟರಲಿ ಅಂದರೆ ಅಕ್ಷರಶಃ, ಹಾಗಾದರೆ ಈಗ ಮಾತಾಡುತ್ತಿರುವವರು ಯಾರು ಎಂದು ನಾನು ಕೇಳುವುದು, ಅವರು ಮುಖ ಮುಖ ನೋಡಿಕೊಳ್ಳುವುದು. ತಮಾಷೆಯಾಗಿಯೇ ನಡೆಯುತ್ತಿತ್ತು.

ಆ ತರಗತಿಗೆ ಬಂದವಳು ನಾಗವೇಣಿ.

ಸಿ.ವಿ. ರಾಮನ್ ನಗರದ ಆಚೆ, ಕಗ್ಗದಾಸಪುರದ ಹಳೆಯ ಊರಿನವಳು. ಹಿಂದೆ ಅವರದು ಸೊಪ್ಪಿನ ತೋಟ; ಈಗ ಆ ಜಾಗದಲ್ಲಿ ಬಾಡಿಗೆ ಮನೆಗಳು. ಊಟಕ್ಕೆ ಕೊರತೆಯಿಲ್ಲದ ಮನೆ. ಅದಕ್ಕೇ ಕಷ್ಟ. ಹೆಣ್ಣುಮಗಳು ಯಾಕೆ ಕೆಲಸಕ್ಕೆ ಹೋಗಬೇಕು, ಕತ್ತಲಾದ ಮೇಲೆ ಕಂಪನಿ ಗಾಡಿಯಲ್ಲಿ ಯಾಕೆ ಬಂದಿಳಿಯಬೇಕು ಎಂದು ಚಿಕ್ಕಪ್ಪಂದಿರು ಪಂಚಾಯಿತಿ ಕೂರಿಸಿದ್ದರು. ಅವಳ ಅಪ್ಪ ಮುನಿಯಪ್ಪ ಒಬ್ಬರೇ ಅವರೆದುರು ನಿಂತು ಮಾತು ಕೊಟ್ಟಿದ್ದರು. ಅದನ್ನು ಅವಳು ನನಗೆ ಮೊದಲ ವಾರವೇ ಹೇಳಿದಳು. “ಅಪ್ಪ ಏನಂದ್ರು ಗೊತ್ತಾ ಮೇಡಂ? ನನ್ ಮಗಳು ಈ ಕೆಲಸದಲ್ಲಿ ನಿಲ್ತಾಳೆ. ನಿಲ್ಲಲಿಲ್ಲ ಅಂದ್ರೆ ಆಮೇಲೆ ನೀವ್ ಹೇಳಿದ್ ಕಡೆ ಮದುವೆ ಮಾಡ್ತೀನಿ, ನಾನು ತುಟಿ ಎರಡು ಮಾಡಲ್ಲ ಅಂತ.”

“ಹಂಗಾದ್ರೆ ನಿಂತ್ಕೋ,” ಎಂದೆ.

ನಿಂತಳು. ಉಚ್ಚಾರಣೆ ಚೆನ್ನಾಗಿತ್ತು, ಕಿವಿ ಚುರುಕು. ಕೆಲವು ತಿಂಗಳಾದ ಮೇಲೆ ಆ ಕರೆ ಬಂತು.

ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಅಜ್ಜಿ. ಗಂಡ ತೀರಿಕೊಂಡಿದ್ದಾರೆ, ಅವರ ಹೆಸರಿಗೆ ಬರುವ ಸಾಮಾನು ನಿಲ್ಲಿಸಿ ಎಂದು ಫೋನು ಮಾಡಿದ್ದರು. ನಾಗವೇಣಿ ಧ್ವನಿ ತಗ್ಗಿಸಿ, ನಿಜವಾದ ಮರುಕದಿಂದ, ತಮ್ಮ ಯಜಮಾನರು ಎಕ್ಸ್‌ಪೈರ್ ಆದದ್ದಕ್ಕೆ ತುಂಬಾ ದುಃಖವಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದಳು.  ಅಜ್ಜಿ ಕೇಳಿದರು: “ಎಕ್ಸ್‌ಪೈರ್ಡ್? ನನ್ನ ಗಂಡ ಏನು ಹಾಲಿನ ಬಾಟಲಿಯೇ?” ಮತ್ತೆ ಅಳು, ಫೋನು ಕಡಿದ ಸದ್ದು. ಮಾರನೆಯ ದಿನ ದೂರು ಬಂತು.

ಕೆಲಸದಿಂದ ತೆಗೆಯುವುದು ಎಂದು ತೀರ್ಮಾನವಾಗಿತ್ತು. ಕಾಗದಕ್ಕೆ ಸಹಿ ಬೀಳುವ ಮುಂಚೆ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. ಎದುರಿಗೆ ಕ್ವಾಲಿಟಿಯ ಮುಖ್ಯಸ್ಥ ವಿವೇಕ್. ಪಕ್ಕದಲ್ಲಿ ಡಾರತಿ ಮೇಡಂ.

“ಗಂಡ ಸತ್ತೋರಿಗೆ ಇನ್ಸಲ್ಟ್ ಮಾಡಿದಾಳೆ ರೀ,” ಎಂದರು ವಿವೇಕ್.

“ಇನ್ಸಲ್ಟ್ ಮಾಡೋ ಉದ್ದೇಶ ಎಲ್ಲಿತ್ತು?”

“ಉದ್ದೇಶಕ್ಕೆಲ್ಲ ನಮ್ಮಲ್ಲಿ ಮಾರ್ಕ್ಸ್ ಇಲ್ಲ.”

“ಸರಿ. ನಿಮ್ಮ ತಾತ ಹೋದಾಗ ರಜೆ ಹಾಕಿದ್ರಲ್ಲ ವಿವೇಕ್, ಮೇಲ್‌ನಲ್ಲಿ ಏನಂತ ಬರೆದಿದ್ರಿ?”

ಅವರು ಮೇಜು ನೋಡಿದರು. “ಗ್ರ್ಯಾಂಡ್‌ಫಾದರ್ ಎಕ್ಸ್‌ಪೈರ್ಡ್ ಅಂತ.”

“ನಿಮ್ಮ ತಾತನ ಮೇಲೆ ಡೇಟ್ ಹೊಡೆದಿತ್ತಾ?”

ಯಾರೋ ಕಿಸಕ್ಕೆಂದರು. ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಗಂಟೆ ಬಾರಿಸುತ್ತಿದ್ದರು. ನಾನು ಬಿಡಲಿಲ್ಲ. ಎಕ್ಸ್‌ಪೈರ್ ಎಂಬುದು ಅಲ್ಲಿ ಇಂಗ್ಲಿಷ್ ಪದ, ಇಲ್ಲಿ ಕನ್ನಡ ಪದ. ನಮ್ಮ ಊರಿನಲ್ಲಿ ನಾಯಿ ಸಾಯುತ್ತದೆ, ಮನುಷ್ಯರು ತೀರಿಕೊಳ್ಳುತ್ತಾರೆ, ಮರ್ಯಾದಸ್ಥರು ಎಕ್ಸ್‌ಪೈರ್ ಆಗುತ್ತಾರೆ. ಅವಳು ತನ್ನ ಬಳಿಯಿದ್ದ ಅತಿ ಮೆತ್ತನೆಯ ಪದವನ್ನು ಆರಿಸಿ ಕೊಟ್ಟಿದ್ದಾಳೆ. ತಪ್ಪು ಅವಳ ಮನಸ್ಸಿನದಲ್ಲ, ಕಾನೊಟೇಶನ್ನಿನದು. ಅದನ್ನು ಕಲಿಸಬಹುದು.

“ಕಲಿಸಬಹುದಾ? ಹಾಗಾದ್ರೆ ಕಲಿಸಿ,” ಎಂದರು ವಿವೇಕ್, ಮುಖ ಕೆಂಪಗೆ ಮಾಡಿಕೊಂಡು. “ಒಂದು ತಿಂಗಳು ಟೈಮು. ಸಾವಿನ ಕರೆಗಳ ಟೀಮಿಗೇ ಹಾಕ್ತೀನಿ. ಅದೊಂದರಲ್ಲೇ ಜಾಗ ಇರೋದು. ಇನ್ನೊಂದ್ ಕಂಪ್ಲೇಂಟ್ ಬಂದ್ರೆ ಔಟ್.”

ಗಂಡನೋ ಹೆಂಡತಿಯೋ ಹೋದರೆಂದು ಖಾತೆ ಮುಚ್ಚಿಸಲು ಬರುವ ಕರೆಗಳಿಗಾಗಿಯೇ ಕೆಲವರನ್ನು ಬೇರೆ ಕೂರಿಸಿದ್ದರು. ಯಾರೂ ಕೇಳಿ ಹೋಗುವ ಜಾಗವಲ್ಲ ಅದು.

ಹೊರಗೆ ಮೆಟ್ಟಿಲ ಬಳಿ ನಾಗವೇಣಿ ಕಾಯುತ್ತಿದ್ದಳು. ಕೆಲಸ ಉಳಿಯಿತಾ ಎಂದು ಅವಳು ಮೊದಲು ಕೇಳಲಿಲ್ಲ. “ಅದು ಬೈಗುಳಾನಾ ಮೇಡಂ?” ಎಂದಳು.

“ಅಲ್ಲ ಕಣೇ.”

“ನಮ್ಮಜ್ಜಿ ಹೋದಾಗ ಆಸ್ಪತ್ರೇಲಿ ಡಾಕ್ಟ್ರು ಹಂಗೇ ಅಂದ್ರು. ಎಕ್ಸ್‌ಪೈರ್ ಆಗ್ಬಿಟ್ರಮ್ಮ ಅಂತ. ಎಷ್ಟ್ ಮೆತ್ತಗೆ ಹೇಳಿದ್ರು ಗೊತ್ತಾ? ಅವತ್ತಿಂದ ನಮ್ಮನೇಲಿ ಎಲ್ರೂ ಹಂಗೇ ಅನ್ನೋದು. ಸತ್ರು ಅನ್ನೋಕೆ ನಂಗೆ ಬಾಯೇ ಬರಲ್ಲ.”

ಮಾರನೆಯ ದಿನದಿಂದ ಪಾಠ ಶುರುವಾಯಿತು. ಯೂಫೆಮಿಸಂ ಅಂದರೆ ಕಹಿ ಸಂಗತಿಗೆ ಹೊದಿಸುವ ಒಳ್ಳೆಯ ಮಾತು ಎಂದು ವಿವರಿಸಿ, ಇನ್ನು ಮೇಲೆ ‘ಪಾಸ್ಡ್ ಅವೇ’ ಎನ್ನಬೇಕು ಎಂದೆ.

“ಪಾಸಾ? ಎಸ್ಸೆಸ್ಸೆಲ್ಸಿ ಪಾಸಾದಂಗಾ?”

“ದಾಟಿ ಹೋದರು ಅಂತ.”

“ಏನ್ ದಾಟಿ?”

“ಅದನ್ನೆಲ್ಲ ಯೋಚಿಸಬೇಡ. ಅದು ಡೆಡ್ ಮೆಟಫರ್. ಬಳಸಿ ಬಳಸಿ ಒಳಗಿನ ಚಿತ್ರ ಅಳಿಸಿಹೋಗಿರುತ್ತೆ.”

“‘ಸಾರಿ ಫಾರ್ ಯುವರ್ ಲಾಸ್’ ಅಂತೀರಲ್ಲ, ಲಾಸ್ ಅಂದ್ರೆ ವ್ಯಾಪಾರದಲ್ಲಿ ಬರೋದಲ್ವಾ? ಗಂಡ ಹೋದೋರಿಗೆ ಲಾಸ್ ಆಯ್ತಾ ಅಂತ ಕೇಳಿದ್ರೆ ಕಪಾಳಕ್ಕೆ ಬಿಡಲ್ವಾ?”

ಪ್ರಶ್ನೆಗಳು ಸರಿಯಾಗಿಯೇ ಇದ್ದವು. ಸಮಯ ಇರಲಿಲ್ಲ. ಆದ್ದರಿಂದ ನಾನೊಂದು ವಿಧಾನ ಮಾಡಿದೆ. ಅರ್ಥವನ್ನು ನೋಡಬೇಡ, ರಾಗವನ್ನು ಮಾತ್ರ ಹಿಡಿ. ‘ಸಾರಿ’ಯ ಮೇಲೆ ಧ್ವನಿ ಇಳಿಸು. ಅದಾದ ಮೇಲೆ ಒಂದು ಉಸಿರು ನಿಲ್ಲು. ಆಮೇಲೆ ಉಳಿದದ್ದು. ನಾನು ಅಜ್ಜಿಯಾದೆ, ಅಜ್ಜನಾದೆ, ಮಗ ಹೋದ ತಾಯಿಯಾದೆ. ಅವಳು ನೂರಾರು ಸಲ ನನ್ನನ್ನು ಸಂತೈಸಿದಳು. ಮೊದಮೊದಲು ಅವಳ ಕಣ್ಣಲ್ಲಿ ನೀರಾಡುತ್ತಿತ್ತು, ಮಾತು ತೊದಲುತ್ತಿತ್ತು. ವಾರ ಕಳೆಯುವುದರಲ್ಲಿ ಎರಡೂ ನಿಂತವು.

ಡಾರತಿ ಮೇಡಂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನನ್ನನ್ನು ಹೊರಗೆ ಕರೆದರು. “ಗರ್ಲ್, ನೀನು ಅವಳಿಗೆ ವರ್ಡ್ ಕಲಿಸ್ತಾ ಇಲ್ಲ. ವರ್ಡ್ ಹಿಂದೆ ಬಚ್ಚಿಟ್ಕೊಳ್ಳೋದು ಕಲಿಸ್ತಾ ಇದೀಯ.”

“ಬಚ್ಚಿಟ್ಕೊಂಡ್ರೆ ಕೆಲಸ ಉಳಿಯುತ್ತೆ ಅಂದ್ರೆ ಬಚ್ಚಿಟ್ಕೊಳ್ಳಲಿ ಬಿಡಿ.”

“ನನ್ನ ಸಿರಿಲ್ ಹೋದಾಗ ಚರ್ಚಲ್ಲಿ ಎಲ್ಲರೂ ಬಂದು ಕೈ ಹಿಡಿದು, ಗಾನ್ ಟು ಗ್ಲೋರಿ, ವಿತ್ ದ ಲಾರ್ಡ್, ಇನ್ ಎ ಬೆಟರ್ ಪ್ಲೇಸ್ ಅಂದ್ರು. ನಾನು ಕಾಯ್ತಾನೇ ಇದ್ದೆ, ಒಬ್ಬರಾದ್ರೂ ಬಂದು ಸಿರಿಲ್ ಸತ್ತೋದ್ನಲ್ಲ ಡಾಲಿ ಅಂತಾರಾ ಅಂತ. ಅನ್ನಲಿಲ್ಲ. ನಮ್ ತೋಟದ ಕೆಲಸದ ಮುನಿಯಮ್ಮ ಬಂದು ಅಂದ್ಲು. ಅವಾಗ್ಲೇ ನಂಗೆ ಅಳು ಬಂದಿದ್ದು, ತಿಳೀತಾ?”

ಅದು ಒಂದು ಉದಾಹರಣೆ, ವಾದವಲ್ಲ ಎಂದೆ. ಹಾಗೆಯೇ ಅಂದೆ. 

ವಿಧಾನ ಫಲಿಸಿತು. ದೂರು ಬರಲಿಲ್ಲ, ಬದಲಿಗೆ ಹೊಗಳಿಕೆ ಬರತೊಡಗಿತು. ಇಷ್ಟು ಮೃದುವಾಗಿ ನನ್ನ ಮಗನೂ ಮಾತಾಡಲಿಲ್ಲ ಎಂದು ಯಾರೋ ಮುದುಕರು ಹೇಳಿದ್ದನ್ನು ವಿವೇಕ್ ಎಲ್ಲರಿಗೂ ಕೇಳಿಸಿದರು. ಅದೇ ತಿಂಗಳು ಮುನಿಯಪ್ಪನವರು ಕಿಡ್ನಿ ಕೈ ಕೊಟ್ಟು ಆಸ್ಪತ್ರೆ ಸೇರಿದ್ದರು. ಅವಳು ಬೆಳಿಗ್ಗೆ ವಾರ್ಡಿನಲ್ಲಿ ಅಪ್ಪನ ಪಕ್ಕ ಕೂತಿದ್ದು, ಮಧ್ಯಾಹ್ನ ಬಂದು ಪರದೇಶದ ಸಾವುಗಳಿಗೆ ಮರುಗುತ್ತಿದ್ದಳು. ಸ್ವಲ್ಪ ದಿನ ರಜೆ ತಗೋ ಎಂದರೆ ಕೇಳಲಿಲ್ಲ. “ತಿಂಗಳು ಮುಗೀಲಿ ಮೇಡಂ. ಅಪ್ಪ ದಿನಾ ಕೇಳ್ತಾರೆ, ನಿಂತ್ಕೊಂಡ್ಯಾ ಅಂತ.”

ತಿಂಗಳು ಮುಗಿಯಿತು. ಅದೇ ಟೀಮಿನಲ್ಲಿ ಅವಳನ್ನು ಕಾಯಂ ಮಾಡಿದ ಪತ್ರಕ್ಕೆ ವಿವೇಕ್ ಸಹಿ ಹಾಕಿದರು. ಅವಳು ಹಲಸೂರಿನಿಂದ ಮೈಸೂರ್‌ಪಾಕ್ ತಂದು ಹಂಚಿದಳು. ಡಾರತಿ ಮೇಡಂಗೆ ಸಕ್ಕರೆ ಕಾಯಿಲೆ. ಆದರೂ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. “ಅಪ್ಪ ಚಿಕ್ಕಪ್ಪಂದಿರನ್ನ ಆಸ್ಪತ್ರೆಗೆ ಕರೆಸಿ, ಅವರೆದುರೇ ಇನ್ನೊಂದ್ಸಲ ಹೇಳು ಅಂದ್ರು ಮೇಡಂ,” ಎಂದಳು ನಾಗವೇಣಿ. “ಹೇಳ್ದೆ. ಕಾಯಂ ಆಯ್ತು ಅಂತ. ಅಪ್ಪ ಎಷ್ಟ್ ನಕ್ರು ಅಂತೀರ!”

ಮುಂದಿನ ವಾರವೇ ಒಂದು ಬೆಳಿಗ್ಗೆ ನನ್ನ ಮೊಬೈಲ್ ರಿಂಗಾಯಿತು. ನಾಗವೇಣಿಯ ಧ್ವನಿ. ಇಂಗ್ಲಿಷ್.

“ಗುಡ್ ಮಾರ್ನಿಂಗ್ ಮ್ಯಾಮ್. ಐ ಆಮ್ ಸಾರಿ ಟು ಇನ್ಫಾರ್ಮ್ ಯು. ಮೈ ಫಾದರ್ ಪಾಸ್ಡ್ ಅವೇ ದಿಸ್ ಮಾರ್ನಿಂಗ್.”

‘ಸಾರಿ’ಯ ಮೇಲೆ ಧ್ವನಿ ಇಳಿದಿತ್ತು. ಒಂದು ಉಸಿರು ನಿಲ್ಲಬೇಕಾದಲ್ಲಿ ನಿಂತಿದ್ದಳು. ಪೂರ್ತಿ ಅಂಕ. ನಾನು ಕನ್ನಡದಲ್ಲಿ ಏನೋ ಕೇಳಿದೆ. ಅವಳು “ಥ್ಯಾಂಕ್ ಯು ಮ್ಯಾಮ್” ಎಂದು ಇಟ್ಟುಬಿಟ್ಟಳು.

ಇಂಗ್ಲಿಷ್ ನಮ್ಮ ಹುಡುಗಿಯ ಅಳುವನ್ನು ಕಿತ್ತುಕೊಂಡಿತು ಎಂದು ನೀವೀಗ ಹೇಳಹೊರಡುತ್ತೀರಿ. ನನಗೆ ಆ ವಾದ ಹಿಡಿಸುವುದಿಲ್ಲ. ಎಕ್ಸ್‌ಪೈರ್ ಕೂಡ ಇಂಗ್ಲಿಷ್ ಪದವೇ. ಆ ಪದದಲ್ಲಿ ಅವಳ ಮರುಕ ತುಂಬಿತ್ತು, ಧ್ವನಿ ನಡುಗಿತ್ತು. ಅದನ್ನು ಧ್ವನಿಮುದ್ರಣದಲ್ಲಿ ನಾನೇ ಕೇಳಿದ್ದೇನೆ. ಕೆಲಸ ಉಳಿಸಲು ಅದನ್ನು ತೆಗೆದು ಇನ್ನೊಂದನ್ನು ಇಡಬೇಕಾಯಿತು, ಇಟ್ಟೆವು. ಇನ್ನೊಮ್ಮೆ ಅದೇ ಮೀಟಿಂಗಿನಲ್ಲಿ ನಿಲ್ಲಿಸಿದರೆ ಅದೇ ವಾದ ಮಾಡುತ್ತೇನೆ, ಅದೇ ಪಾಠ ಹೇಳುತ್ತೇನೆ. ಬೇರೆ ದಾರಿ ಯಾವುದಿತ್ತು ಎಂದು ಈವರೆಗೆ ನನಗೆ ಯಾರೂ ತೋರಿಸಿಲ್ಲ. ಡಾರತಿ ಮೇಡಂ ಕೂಡ.

ನಾನೂ ಡಾರತಿ ಮೇಡಮ್ಮೂ ಆಟೋ ಹಿಡಿದು ಕಗ್ಗದಾಸಪುರಕ್ಕೆ ಹೋದೆವು. ಬೀದಿಗೆ ಅಡ್ಡಲಾಗಿ ಶಾಮಿಯಾನ, ಬಾಗಿಲ ಮುಂದೆ ಹೊಗೆಯಾಡುವ ಸೌದೆ, ಮೂಲೆಯಲ್ಲಿ ತಮಟೆಯವರು ತಮಟೆ ಕಾಯಿಸುತ್ತಿದ್ದರು. ನಡುಮನೆಯಲ್ಲಿ ಮುನಿಯಪ್ಪನವರನ್ನು ಮಲಗಿಸಿದ್ದರು. ತಲೆಯ ಬಳಿ ದೀಪ. ಎದೆಯ ಮೇಲೆ ಕೈಯಿಟ್ಟು ಅವರ ಹೆಂಡತಿ ರಾಗವಾಗಿ ಅಳುತ್ತಿದ್ದರು.

“ನನ್ ನೆಳ್ಳೇ ಎದ್ದೋಯ್ತಲ್ಲಪ್ಪೋ... ಬಿಸ್ಲಿಗೆ ನನ್ನೊಬ್ಬಳ್ನೇ ಬಿಟ್ಯಲ್ಲೋ ನನ್ ದೊರೆಯೇ... ನಮ್ಮನೆ ಬಾಯೇ ಮುಚ್ಕೊಂತಲ್ಲಪ್ಪೋ...”

ಅವರ ಅಳುವಿನಲ್ಲಿ ಒಂದು ಕಡೆಯೂ ‘ಥರ’ ಎಂಬುದಿರಲಿಲ್ಲ. ಇಷ್ಟು ವರ್ಷ ಬೋರ್ಡಿನ ಮೇಲೆ ಮೆಟಫರ್ ಎಂದು ಬರೆದವಳು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತುಬಿಟ್ಟೆ.

ನಾಗವೇಣಿ ಗೋಡೆಗೆ ಒರಗಿ ಫೋನಿನಲ್ಲಿದ್ದಳು. ಒಬ್ಬರಾದ ಮೇಲೊಬ್ಬರಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ನೆಂಟರಿಗೆ ಕನ್ನಡ, ಬಾಡಿಗೆಯವರಿಗೆ ತಮಿಳು. ಎಲ್ಲದರಲ್ಲೂ ಅದೇ ಇಳಿದ ಧ್ವನಿ, ಅದೇ ನಿಲುಗಡೆ. ಕಣ್ಣು ಒಣಗಿತ್ತು. ಹೊರಗೆ ಕುರ್ಚಿಯಲ್ಲಿದ್ದ ಚಿಕ್ಕಪ್ಪ ನಮಗೆ ಕೇಳುವಂತೆಯೇ ಹೇಳಿದರು: “ನೋಡ್ರಪ್ಪ, ಒಂದ್ ಹನಿ ಬರ್ಬೇಕಲ್ಲ ಕಣ್ಣಲ್ಲಿ. ಕಂಪ್ನಿ ಹುಡುಗಿ. ಇದಕ್ಕೇ ನಮ್ಮಣ್ಣ ಮಾತು ಕೊಟ್ಟಿದ್ದು.”

ಅವಳಿಗೂ ಕೇಳಿಸಿತು. ಮುಖ ಅಲ್ಲಾಡಲಿಲ್ಲ. ಅಷ್ಟರಲ್ಲಿ ಫೋನು ಮತ್ತೆ ರಿಂಗಾಯಿತು. ಕಚೇರಿಯ ಟೀಮ್ ಲೀಡರ್ ಇರಬೇಕು. ಅವಳು ಇಂಗ್ಲಿಷಿಗೆ ತಿರುಗಿ, ನನಗೆ ಹೇಳಿದ ವಾಕ್ಯವನ್ನೇ ಹೇಳಿದಳು. ಒಳಗೆ ಅಳು ನಿಂತಿತು. ತಾಯಿ ತಲೆಯೆತ್ತಿ ಮಗಳನ್ನು ನೋಡುತ್ತಿದ್ದರು.

“ಆವಾಗಿಂದ ಏನೋ ಅಂತಿದೀಯಲ್ಲ. ಅಪ್ಪಂಗೆ ಏನಂದೆ?”

“ಪಾಸ್ಡ್ ಅವೇ ಅಂದೆ ಅಮ್ಮ.”

“ಹಂಗಂದ್ರೆ?”

ಫೋನು ಕಿವಿಯಲ್ಲಿತ್ತು. ಆ ಕಡೆಯವರು ಕಾಯುತ್ತಿದ್ದರು. ಅವಳು ಯೋಚಿಸಿದಳು. “ದಾಟಿ ಹೋದ್ರು ಅಂತ. ಆಚೆ... ಆಚೆ ಹೋದ್ರು ಅಂತ.”

ತಾಯಿಗೆ ಅರ್ಥವಾಗಲಿಲ್ಲ. ಗಂಡನ ಕಡೆ ನೋಡಿದರು, ಮತ್ತೆ ಮಗಳ ಕಡೆ. “ಆಚೆ ಎಲ್ಲೇ ಹೋದ್ರು? ಇಲ್ಲೇ ಮಲಗವ್ರಲ್ಲೇ.”

ನಾಗವೇಣಿ ಅಪ್ಪನನ್ನು ನೋಡಿದಳು. ಆ ಬೆಳಿಗ್ಗೆಯಿಂದ ಮೊದಲ ಸಲ ನೋಡಿದಳೆಂದು ಕಾಣುತ್ತದೆ. ಬಾಯಿ ತೆರೆಯಿತು, ಏನೂ ಬರಲಿಲ್ಲ. ಮತ್ತೆ ತೆರೆಯಿತು. “ಅಮ್ಮಾ,” ಎಂದಳು, “ಅಪ್ಪ ಸತ್ತೋದ್ರು ಕಣಮ್ಮಾ. ನಮ್ಮಪ್ಪ ಸತ್ತೋದ್ರು.” ಹೇಳಿದವಳೇ ಅಲ್ಲೇ ಕುಸಿದು ಅಪ್ಪನ ಪಾದ ಹಿಡಿದುಕೊಂಡಳು. ಆಮೇಲಿನದ್ದು ಯಾವ ಭಾಷೆಯೂ ಅಲ್ಲ. ಚಿಕ್ಕಪ್ಪ ಎದ್ದು ಬಂದವರು ಬಾಗಿಲಲ್ಲೇ ನಿಂತರು. ನೆಲದ ಮೇಲೆ ಬಿದ್ದ ಫೋನಿನೊಳಗೆ ಯಾರೋ ಹಲೋ ಹಲೋ ಎನ್ನುತ್ತಲೇ ಇದ್ದರು. ಡಾರತಿ ಮೇಡಂ ಬಗ್ಗಿ ಅದನ್ನು ಎತ್ತಿ ಆಫ್ ಮಾಡಿದರು.

ಮಧ್ಯಾಹ್ನ ತಮಟೆ ಮುಂದೆ ಹೋಯಿತು, ಗಂಡಸರು ಹಿಂದೆ ಹೋದರು. ಮನೆ ತೊಳೆಯಲು ಶುರುಮಾಡಿದರು. ನಾಗವೇಣಿ ಒದ್ದೆ ಕೂದಲಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಧ್ವನಿ ಪೂರ್ತಿ ಒಡೆದುಹೋಗಿತ್ತು.

“ಮೇಡಂ, ಇನ್ಮೇಲೆ ನನ್ನ ಆ ಕರೆಗಳಿಗೆ ಹಾಕ್ಬೇಡಿ. ಆ ಮಾತು ನಂಗೆ ಬರಲ್ಲ ಇನ್ನು.”

ಅವಳಿಗಿದ್ದದ್ದು ಆ ಟೀಮು ಒಂದೇ, ಬೇರೆ ಯಾವುದರಲ್ಲೂ ಜಾಗವಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಚಿಕ್ಕಪ್ಪಂದಿರು ಇನ್ನೇನು ಸ್ಮಶಾನದಿಂದ ಬರುವವರಿದ್ದರು. ಹನ್ನೊಂದರ ಕಾರ್ಯ ಮುಗಿಯುತ್ತಲೇ ಯಾವ ಮಾತು ಎತ್ತುತ್ತಾರೆಂಬುದೂ ಇಬ್ಬರಿಗೂ ಗೊತ್ತಿತ್ತು. ಎದುರು ನಿಲ್ಲುತ್ತಿದ್ದವರು ಒಬ್ಬರೇ. ಅವರು ಇರಲಿಲ್ಲ.

ನಾನು ಎಲ್ಲದಕ್ಕೂ ವಾದ ಇಟ್ಟುಕೊಂಡವಳು. ಯೋಚಿಸು ಎನ್ನಬಹುದಿತ್ತು. ಅಪ್ಪನ ಮಾತು ಉಳಿಸು ಎನ್ನಬಹುದಿತ್ತು. ಆ ಮಾತು ಅವಳ ಮೇಲೆ ಎಷ್ಟು ಕೆಲಸ ಮಾಡುತ್ತದೆಂದು ತಿಳಿದೂ ಇತ್ತು. ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟು “ಹಾಕಲ್ಲ” ಎಂದೆ.

ಅವಳು ತಲೆಯಾಡಿಸಿದಳು.

ಹೊರಡಲೆಂದು ಎದ್ದೆವು. ನನ್ನ ಬಾಯಲ್ಲಿ ‘ಬರ್ತೀನಿ’ ಎಂಬುದು ತಾನಾಗಿ ಬರುವುದರಲ್ಲಿತ್ತು. ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಎನ್ನುವುದಿಲ್ಲವಲ್ಲ. ಡಾರತಿ ಮೇಡಂ ನನ್ನ ಮೊಣಕೈ ಹಿಡಿದು ಒತ್ತಿದರು. ಆಗ ನೆನಪಾಯಿತು, ಸಾವಿನ ಮನೆಯಲ್ಲಿ ಆ ಮಾತು ಆಡಬಾರದು, ಯಾರಿಗೂ ಹೇಳದೆ ಎದ್ದು ಹೋಗಬೇಕು. ನಾಗವೇಣಿ ತಲೆಯೆತ್ತಲಿಲ್ಲ. ತೊಳೆದ ನೀರು ಬಾಗಿಲಿಂದ ಬೀದಿಗೆ ಹರಿಯುತ್ತಿತ್ತು. ಅದನ್ನು ದಾಟಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಇಬ್ಬರೂ ಏನೂ ಹೇಳದೆ ಬಂದುಬಿಟ್ಟೆವು.